ವಿದೇಶದಲ್ಲಿ ಬಿಲ್ಲು ಕಟ್ಟುವಾಗ: ಕ್ಯಾಶ್, ಕಾರ್ಡ್, ಯುಪಿಐಗಳ ನಿಜವಾದ ಲೆಕ್ಕ

ವಿದೇಶ ಪ್ರವಾಸಕ್ಕೆ ಹೊರಟವರು ವಿಮಾನದ ಟಿಕೆಟ್ ದರವನ್ನು ಹತ್ತು ಕಡೆ ನೋಡುತ್ತಾರೆ. ಹೋಟೆಲ್ ರೂಮು ಐನೂರು ರೂಪಾಯಿ ಕಡಿಮೆಗೆ ಎಲ್ಲಿ ಸಿಗುತ್ತದೆ ಎಂದು ರಾತ್ರಿ ಕೂತು ಹುಡುಕುತ್ತಾರೆ. ಆದರೆ ಅಲ್ಲಿ ಹೋಗಿ ಖರ್ಚು ಮಾಡುವ ಲಕ್ಷಾಂತರ ರೂಪಾಯಿಯನ್ನು ಹೇಗೆ ಕೊಡುವುದು ಎಂಬ ಯೋಚನೆ ಬರುವುದು ಹೊರಡುವ ಹಿಂದಿನ ದಿನ. ಏರ್‌ಪೋರ್ಟ್ ಕೌಂಟರ್‌ನಲ್ಲಿ ಅವಸರಕ್ಕೆ ಡಾಲರ್ ಕೊಳ್ಳುತ್ತಾರೆ. ಇಲ್ಲದಿದ್ದರೆ ಜೇಬಿನಲ್ಲಿರುವ ಕಾರ್ಡನ್ನೇ ಎಲ್ಲ ಕಡೆ ಉಜ್ಜಿ ಬರುತ್ತಾರೆ. ಎರಡು ಲಕ್ಷ ಖರ್ಚು ಮಾಡಿದರೆ ಅದರಲ್ಲಿ ಎಂಟು ಹತ್ತು ಸಾವಿರ ಹೀಗೆ ಗೊತ್ತೇ ಆಗದೆ ಸೋರಿ ಹೋಗಬಹುದು.

ಇದನ್ನು ತಡೆಯುವುದು ಕಷ್ಟವಲ್ಲ. ಅರ್ಧ ಗಂಟೆ ಕೂತು ತಿಳಿದುಕೊಂಡರೆ ಸಾಕು. "ಫಾರೆಕ್ಸ್ ಕಾರ್ಡ್ ಒಳ್ಳೆಯದಾ, ಕ್ರೆಡಿಟ್ ಕಾರ್ಡಾ, ಕ್ಯಾಶಾ?" ಎಂದು ಎಲ್ಲರೂ ಕೇಳುತ್ತಾರೆ. ಎಲ್ಲ ದೇಶಕ್ಕೂ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಯಾವುದನ್ನು ಬೇಕಾದರೂ ಅಳೆದು ನೋಡುವ ಒಂದು ಲೆಕ್ಕ ಇದೆ. ಕೊನೆಗೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಯಿತು, ಅದಕ್ಕೆ ನನಗೆ ಅಲ್ಲಿನ ದುಡ್ಡು ಎಷ್ಟು ಸಿಕ್ಕಿತು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮಗೆ ಬಿದ್ದ ನಿಜವಾದ ರೇಟ್. ಫೀಸು, ಕಮಿಷನ್, ಜಿಎಸ್‌ಟಿ ಎಲ್ಲ ಅದರೊಳಗೆ ಬಂದಿರುತ್ತದೆ. ಬ್ಯಾಂಕಿನವರು, ಮನಿ ಚೇಂಜರ್‌ನವರು ಬೇರೆ ಏನೇ ಹೇಳಿದರೂ ಈ ಒಂದು ಸಂಖ್ಯೆಯನ್ನು ಮಾತ್ರ ಹೋಲಿಸಿ.

ರೇಟಿನೊಳಗೇ ಇರುವ ಕಮಿಷನ್

ಗೂಗಲ್‌ನಲ್ಲಿ ಡಾಲರ್ ರೇಟ್ ಹುಡುಕಿದರೆ ಬರುವುದು ಬ್ಯಾಂಕುಗಳು ತಮ್ಮ ತಮ್ಮಲ್ಲಿ ದೊಡ್ಡ ವ್ಯವಹಾರ ಮಾಡುವಾಗಿನ ನಡುಮಧ್ಯದ ದರ. ಆ ದರಕ್ಕೆ ನಮಗೆ ಯಾರೂ ನೋಟು ಕೊಡುವುದಿಲ್ಲ. ಮಾರುವವರು ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ಮಾರುತ್ತಾರೆ, ನಮ್ಮಿಂದ ವಾಪಸ್ ಕೊಳ್ಳುವಾಗ ಸ್ವಲ್ಪ ಕಡಿಮೆಗೆ ಕೊಳ್ಳುತ್ತಾರೆ. ಆ ಅಂತರವೇ ಅವರ ಸಂಪಾದನೆ. "ಜೀರೋ ಕಮಿಷನ್" ಎಂಬ ಬೋರ್ಡ್ ನೋಡಿ ನಂಬಬೇಡಿ. ಕಮಿಷನ್ ಬೇರೆಯಾಗಿ ತೆಗೆದುಕೊಳ್ಳುವುದಿಲ್ಲ ಎಂದಷ್ಟೇ ಅದರ ಅರ್ಥ. ಅದು ರೇಟಿನೊಳಗೇ ಇರುತ್ತದೆ.

ಅಂತರ ಎಲ್ಲ ಕಡೆ ಒಂದೇ ಅಲ್ಲ. ಏರ್‌ಪೋರ್ಟ್ ಒಳಗೆ ಜಾಸ್ತಿ, ಯಾಕೆಂದರೆ ಅಲ್ಲಿಗೆ ಬಂದವರಿಗೆ ಬೇರೆ ದಾರಿ ಇರುವುದಿಲ್ಲ. ಬೆಂಗಳೂರಿನ ಎಂ.ಜಿ. ರೋಡ್ ಸುತ್ತಮುತ್ತ ಆರ್‌ಬಿಐ ಪರವಾನಗಿ ಇರುವ ಮನಿ ಚೇಂಜರ್‌ಗಳಿದ್ದಾರೆ. ಮೂರು ಕಡೆ ಫೋನ್ ಮಾಡಿ "ಇವತ್ತು ಡಾಲರ್ ಎಷ್ಟು, ಎಲ್ಲ ಸೇರಿ?" ಎಂದು ಕೇಳಿದರೆ ಏರ್‌ಪೋರ್ಟ್‌ಗಿಂತ ಒಳ್ಳೆಯ ರೇಟೇ ಸಿಗುತ್ತದೆ. "ಎಲ್ಲ ಸೇರಿ" ಎನ್ನುವುದನ್ನು ಮರೆಯಬೇಡಿ. ಡಾಲರ್, ಯೂರೋಗಳಂತಹ ಹೆಚ್ಚು ಓಡಾಡುವ ಕರೆನ್ಸಿಗೆ ಅಂತರ ಕಡಿಮೆ. ಥಾಯ್ ಬಾತ್, ವಿಯೆಟ್ನಾಂ ಡಾಂಗ್, ಇಂಡೊನೇಷ್ಯಾ ರುಪಯ್ಯಾಗಳನ್ನು ಇಲ್ಲಿ ಕೊಂಡರೆ ಜಾಸ್ತಿ ಬೀಳುತ್ತದೆ.

ನೋಟು ಕೊಳ್ಳುವಾಗ ಜಿಎಸ್‌ಟಿ ಇದೆ, ಆದರೆ ಅದು ಚಿಕ್ಕದು. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಶೇಕಡಾ 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು, ಅದರ ಮೇಲೆ ಮಾತ್ರ 18% ತೆರಿಗೆ ಹಾಕುತ್ತಾರೆ. ಅಂದರೆ ಒಂದು ಲಕ್ಷಕ್ಕೆ ₹180. ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ನೋಡಬೇಕಾದದ್ದು ರೇಟನ್ನು.

ಕಾರ್ಡ್ ಉಜ್ಜಿದಾಗ ಏನಾಗುತ್ತದೆ

ಬ್ಯಾಂಕಾಕ್‌ನ ಅಂಗಡಿಯಲ್ಲಿ 10,000 ಬಾತ್ ಬಿಲ್ಲಾಯಿತು ಎಂದುಕೊಳ್ಳಿ. ಲೆಕ್ಕ ಸಲೀಸಾಗಲಿ ಎಂದು ಒಂದು ಬಾತ್‌ಗೆ ₹3 ಹಿಡಿಯೋಣ. ಸಾಮಾನ್ಯ ಕ್ರೆಡಿಟ್ ಕಾರ್ಡ್ ಕೊಟ್ಟರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತನ್ನ ಅಂದಿನ ದರದಲ್ಲಿ ಬಾತನ್ನು ಪರಿವರ್ತಿಸುತ್ತದೆ. ಆ ದರ ಮಾರುಕಟ್ಟೆ ದರಕ್ಕೆ ತೀರಾ ಹತ್ತಿರ ಇರುತ್ತದೆ. ಇಬ್ಬರ ವೆಬ್‌ಸೈಟಿನಲ್ಲೂ ದಿನದ ದರ ನೋಡುವ ಕ್ಯಾಲ್ಕ್ಯುಲೇಟರ್ ಇದೆ. ಇಲ್ಲಿಗೆ ಸುಮಾರು ₹30,000 ಆಯಿತು.

ಇದರ ಮೇಲೆ ನಮ್ಮ ಬ್ಯಾಂಕ್ ಮಾರ್ಕಪ್, ಅಂದರೆ ತನ್ನ ಹೆಚ್ಚುವರಿ ಶುಲ್ಕ ಸೇರಿಸುತ್ತದೆ. ಹೆಚ್ಚಿನ ಕಾರ್ಡ್‌ಗಳಲ್ಲಿ ಅದು 2ರಿಂದ 3.5% ಇರುತ್ತದೆ. 3.5% ಅಂದರೆ ₹1,050. ಅದರ ಮೇಲೆ 18% ಜಿಎಸ್‌ಟಿ, ₹189. ಒಟ್ಟು ₹31,239. ಜಾಹೀರಾತಿನಲ್ಲಿ 3.5 ಎಂದು ಕಂಡದ್ದು ಕೈಗೆ ಬರುವಷ್ಟರಲ್ಲಿ 4.13% ಆಗಿರುತ್ತದೆ. 2% ಮಾರ್ಕಪ್ ಇರುವ ಕಾರ್ಡಿನಲ್ಲಿ ಇದೇ ಖರೀದಿಗೆ ₹30,708 ಹೋಗುತ್ತದೆ. ಮಾರ್ಕಪ್ಪೇ ಇಲ್ಲದ ಕಾರ್ಡ್‌ಗಳೂ ಈಗ ಹಲವು ಬ್ಯಾಂಕುಗಳಲ್ಲಿವೆ. ಅದರಲ್ಲಾದರೆ ₹30,000ದ ಆಸುಪಾಸು.

ನನ್ನ ಅಭಿಪ್ರಾಯದಲ್ಲಿ ಒಂದು ವಾರಕ್ಕಿಂತ ಹೆಚ್ಚು ಹೋಗುವವರು ಪ್ರವಾಸಕ್ಕೆ ಎರಡು ತಿಂಗಳು ಮುಂಚೆಯೇ ಜೀರೋ ಮಾರ್ಕಪ್ ಕಾರ್ಡ್ ಒಂದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ವಾರ್ಷಿಕ ಶುಲ್ಕ ಎಷ್ಟು ಎಂದು ಕೇಳಿ. ಎರಡು ಸಾವಿರ ಉಳಿಸಲು ಮೂರು ಸಾವಿರ ಫೀಸು ಕಟ್ಟುವಂತಾಗಬಾರದು, ಅಲ್ವಾ?

ಡೆಬಿಟ್ ಕಾರ್ಡಿಗೂ ಇದೇ ಮಾರ್ಕಪ್ ಲೆಕ್ಕ. ಆದರೆ ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಏನಾದರೂ ಮೋಸವಾದರೆ ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ಕಟ್ಟುವ ಮುಂಚೆಯೇ ತಕರಾರು ಹಾಕಬಹುದು. ಡೆಬಿಟ್ ಕಾರ್ಡಿನಲ್ಲಿ ನಮ್ಮ ಉಳಿತಾಯ ಖಾತೆಯ ದುಡ್ಡು ಆಗಲೇ ಹೋಗಿರುತ್ತದೆ, ಅದು ವಾಪಸ್ ಬರುವವರೆಗೆ ಕಾಯಬೇಕು. ಡೆಬಿಟ್ ಕಾರ್ಡ್ ಎಟಿಎಂಗೆ ಇರಲಿ. ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಲೇಬೇಡಿ. ಕ್ಯಾಶ್ ಅಡ್ವಾನ್ಸ್ ಫೀಸು ಬೇರೆ, ತೆಗೆದ ದಿನದಿಂದಲೇ ಬಡ್ಡಿ ಬೇರೆ.

"ರೂಪಾಯಿಯಲ್ಲಿ ಕಟ್ಟುತ್ತೀರಾ?"

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುತ್ತೀರಿ ಅಂದರೆ ಅದು ಇದಾಗಿರಲಿ.

ಪ್ಯಾರಿಸ್ಸಿನ ಅಂಗಡಿಯಲ್ಲಿ ಕಾರ್ಡ್ ಕೊಡುತ್ತೀರಿ. ಕಾರ್ಡ್ ನಂಬರಿನ ಮೊದಲ ಅಂಕೆಗಳಿಂದಲೇ ಇದು ಭಾರತದ ಕಾರ್ಡ್ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಪರದೆಯ ಮೇಲೆ ಎರಡು ಮೊತ್ತ ಬರುತ್ತವೆ. ಒಂದು ಯೂರೋದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ನಮಗೆ ಪರಿಚಿತ, ಎಷ್ಟಾಯಿತು ಎಂದು ಕೂಡಲೇ ಅರ್ಥವಾಗುತ್ತದೆ, ಹಾಗಾಗಿ ಬೆರಳು ಅಲ್ಲಿಗೇ ಹೋಗುತ್ತದೆ. ಕೆಲವು ಕಡೆ ಅಂಗಡಿಯವರೇ ನಿಮ್ಮನ್ನು ಕೇಳದೆ ಒತ್ತಿಬಿಡುತ್ತಾರೆ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ, ಚಿಕ್ಕದಾಗಿ ಡಿಸಿಸಿ. ಇಲ್ಲಿ ಯೂರೋವನ್ನು ರೂಪಾಯಿಗೆ ಬದಲಿಸುವವರು ವೀಸಾದವರೂ ಅಲ್ಲ, ನಿಮ್ಮ ಬ್ಯಾಂಕೂ ಅಲ್ಲ. ಆ ಅಂಗಡಿಯ ಬ್ಯಾಂಕು ಅಥವಾ ಅದರ ಜೊತೆಗಿರುವ ಕಂಪನಿ. ರೇಟ್ ಅವರು ಹಾಕಿದ್ದು. ಅದರಲ್ಲಿ ಬಂದ ಲಾಭದಲ್ಲಿ ಅಂಗಡಿಗೂ ಪಾಲಿರುತ್ತದೆ. ಹಾಗಾಗಿಯೇ ಅಷ್ಟು ಪ್ರೀತಿಯಿಂದ ಕೇಳುತ್ತಾರೆ.

ಮೇಲಿನ ₹30,000ದ ಖರೀದಿಯನ್ನೇ ತೆಗೆದುಕೊಳ್ಳಿ. ಡಿಸಿಸಿ ರೇಟ್ 6% ಜಾಸ್ತಿ ಇತ್ತು ಎಂದುಕೊಂಡರೆ ಪರದೆಯ ಮೇಲೆ ₹31,800 ಕಾಣುತ್ತದೆ. ರೂಪಾಯಿಯಲ್ಲೇ ಕಟ್ಟಿದ್ದೇನೆ, ಇನ್ನು ಮಾರ್ಕಪ್ ಇಲ್ಲ ಎಂದು ಅನ್ನಿಸುತ್ತದೆ. ಹಾಗಲ್ಲ. ವಿದೇಶದ ವ್ಯಾಪಾರಿಗೆ ರೂಪಾಯಿಯಲ್ಲಿ ಕಟ್ಟಿದರೂ ಹಲವು ಬ್ಯಾಂಕುಗಳು 1% ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಅದು ₹375. ಒಟ್ಟು ₹32,175. ಜೀರೋ ಮಾರ್ಕಪ್ ಕಾರ್ಡ್ ಮಾಡಿಸಿಕೊಂಡು ಹೋದವರೂ ಈ ಒಂದು ಬಟನ್ನಿನಲ್ಲಿ ಎಲ್ಲ ಉಳಿತಾಯ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಯಾವ ದೇಶದಲ್ಲಿದ್ದೀರೋ ಆ ದೇಶದ ಕರೆನ್ಸಿಯಲ್ಲೇ ಕಟ್ಟಿ. ಆಯ್ಕೆ ಕೊಡಲೇಬೇಕು ಎಂಬುದು ಕಾರ್ಡ್ ನೆಟ್‌ವರ್ಕ್‌ಗಳ ನಿಯಮ. ಅಂಗಡಿಯವರು ರೂಪಾಯಿ ಒತ್ತಿಬಿಟ್ಟಿದ್ದರೆ ಪಿನ್ ಹಾಕುವ ಮುಂಚೆ ಕ್ಯಾನ್ಸಲ್ ಮಾಡಿ ಮತ್ತೆ ಮಾಡಲು ಹೇಳಿ. ಸಂಕೋಚ ಬೇಡ. ದುಡ್ಡು ನಿಮ್ಮದು.

ಎಟಿಎಂನಲ್ಲಿ ಇದು ಇನ್ನೂ ಗಲಿಬಿಲಿ ಮಾಡುತ್ತದೆ. ಮೊತ್ತ ಒತ್ತಿದ ಮೇಲೆ ಪರದೆ ತುಂಬ ಇಂಗ್ಲಿಷ್ ಬರುತ್ತದೆ. ಇಷ್ಟು ರೂಪಾಯಿ ಕಡಿತವಾಗುತ್ತದೆ, ಈ ದರ ಖಚಿತ, ಪರಿವರ್ತನೆಯನ್ನು ಒಪ್ಪುತ್ತೀರಾ ಬೇಡವಾ ಎಂದು ಕೇಳುತ್ತದೆ. ಬೇಡ ಎಂದರೆ ದುಡ್ಡೇ ಬರುವುದಿಲ್ಲವೇನೋ ಎಂಬ ಭಯಕ್ಕೆ ಎಷ್ಟೋ ಜನ "ಅಕ್ಸೆಪ್ಟ್" ಒತ್ತುತ್ತಾರೆ. "ಡಿಕ್ಲೈನ್ ಕನ್ವರ್ಷನ್" ಒತ್ತಿ. ಬೇಡ ಎಂದದ್ದು ಅವರ ರೇಟನ್ನು ಮಾತ್ರ. ನೋಟು ಬಂದೇ ಬರುತ್ತದೆ, ಲೆಕ್ಕ ನಿಮ್ಮ ಬ್ಯಾಂಕಿನ ದರದಲ್ಲಿ ಆಗುತ್ತದೆ. ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಹೋಗುತ್ತಿದ್ದರೆ ಈ ಪರದೆಯ ಫೋಟೊ ಒಂದನ್ನು ಮೊದಲೇ ತೋರಿಸಿ ಹೇಳಿಕೊಟ್ಟಿರಿ.

ಫಾರೆಕ್ಸ್ ಕಾರ್ಡ್ ಯಾರಿಗೆ?

ಫಾರೆಕ್ಸ್ ಕಾರ್ಡ್ ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಕಾರ್ಡ್. ಡಾಲರ್ ತುಂಬಿಸಿದ ದಿನದ ರೇಟೇ ಕೊನೆತನಕ. ಆಮೇಲೆ ರೂಪಾಯಿ ಬಿದ್ದರೂ ನಿಮಗೆ ತೊಂದರೆ ಇಲ್ಲ. ಎಷ್ಟು ತುಂಬಿಸಿದ್ದೀರೋ ಅಷ್ಟೇ ಖರ್ಚಾಗುತ್ತದೆ, ಹಾಗಾಗಿ ಕಳೆದುಹೋದರೂ ಉಳಿತಾಯ ಖಾತೆಗೆ ಕೈ ಹೋಗುವುದಿಲ್ಲ. ಓದಲು ಹೋಗುವ ಮಕ್ಕಳಿಗೆ, ಮೊದಲ ಸಲ ಹೋಗುವ ಹಿರಿಯರಿಗೆ, ಕ್ರೆಡಿಟ್ ಕಾರ್ಡ್ ಇಲ್ಲದವರಿಗೆ ಇದು ನೆಮ್ಮದಿಯ ದಾರಿ. ಊರಲ್ಲಿರುವ ಮಗನೋ ಮಗಳೋ ಇಲ್ಲಿಂದಲೇ ಮತ್ತೆ ತುಂಬಿಸಲೂಬಹುದು.

ಆದರೆ ಎರಡು ಕಡೆ ಜನ ಎಡವುತ್ತಾರೆ. ಮಾರ್ಕಪ್ ಇಲ್ಲ ಎನ್ನುತ್ತಾರೆ, ನಿಜ. ಆದರೆ ತುಂಬಿಸುವಾಗಿನ ರೇಟಿನಲ್ಲೇ ಬ್ಯಾಂಕು ತನ್ನ ಪಾಲು ಇಟ್ಟಿರುತ್ತದೆ. ಆ ದಿನ ಗೂಗಲ್‌ನ ದರ ನೋಡಿ ಹೋಲಿಸಿ. ಬ್ಯಾಂಕಿನವರು ಹೇಳಿದ ಮೊದಲ ರೇಟೇ ಕೊನೆಯ ರೇಟಲ್ಲ, ಚೌಕಾಸಿ ಮಾಡಬಹುದು. ಐದಾರು ಸಾವಿರ ಡಾಲರ್ ತುಂಬಿಸುವವರಿಗೆ ಇಳಿಸಿಕೊಡುವುದು ಸಾಮಾನ್ಯ.

ಎರಡನೆಯದು ದೊಡ್ಡದು. ಡಾಲರ್ ತುಂಬಿದ ಕಾರ್ಡನ್ನು ಥಾಯ್ಲೆಂಡ್‌ನಲ್ಲಿ ಬಳಸಿದರೆ ಎರಡು ಸಲ ಪರಿವರ್ತನೆ ಆಗುತ್ತದೆ. ಮೊದಲು ರೂಪಾಯಿಯಿಂದ ಡಾಲರ್, ಆಮೇಲೆ ಡಾಲರ್‌ನಿಂದ ಬಾತ್. ಎರಡನೆಯದಕ್ಕೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ. ತುಂಬಿಸುವಾಗ 1.5%, ಕ್ರಾಸ್ ಕರೆನ್ಸಿಗೆ 3.5% ಎಂದು ಹಿಡಿದರೆ ಅದೇ 10,000 ಬಾತ್‌ಗೆ ₹31,500 ದಾಟುತ್ತದೆ. ಸುಮ್ನೆ ಮಾಮೂಲಿ ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರೂ ಇದಕ್ಕಿಂತ ಕಡಿಮೆಯಾಗುತ್ತಿತ್ತು. ಮಲ್ಟಿ ಕರೆನ್ಸಿ ಕಾರ್ಡಿನಲ್ಲಿ ನೀವು ಹೋಗುವ ದೇಶದ ಕರೆನ್ಸಿಯೇ ಇದೆಯಾ ಎಂದು ಕೇಳಿ, ಇದ್ದರೆ ಅದನ್ನೇ ತುಂಬಿಸಿ. ಇಲ್ಲದಿದ್ದರೆ ಆ ಪ್ರವಾಸಕ್ಕೆ ಫಾರೆಕ್ಸ್ ಕಾರ್ಡ್ ಬೇಡ. ಅಮೆರಿಕ, ಯುರೋಪ್, ಬ್ರಿಟನ್, ಸಿಂಗಾಪುರ, ಆಸ್ಟ್ರೇಲಿಯಾಕ್ಕೆ ಹೋಗುವವರಿಗೆ ಈ ತೊಂದರೆ ಬರುವುದು ಅಪರೂಪ.

ಹೋಟೆಲ್ ಚೆಕ್ ಇನ್ ಮಾಡುವಾಗ ಡಿಪಾಸಿಟ್‌ಗೆ ಫಾರೆಕ್ಸ್ ಕಾರ್ಡಾಗಲಿ ಡೆಬಿಟ್ ಕಾರ್ಡಾಗಲಿ ಕೊಡಬೇಡಿ. ಅವರು ಇನ್ನೂರು ಮುನ್ನೂರು ಡಾಲರ್ ಬ್ಲಾಕ್ ಮಾಡುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಲಿಮಿಟ್ ಸ್ವಲ್ಪ ಕಡಿಮೆ ತೋರಿಸುತ್ತದೆ ಅಷ್ಟೆ. ಫಾರೆಕ್ಸ್ ಕಾರ್ಡಿನಲ್ಲಾದರೆ ನಿಮ್ಮ ನಿಜವಾದ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಬಿಡುಗಡೆಯಾಗುವಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಬಾಡಿಗೆ ಕಾರಿನವರು ಎಷ್ಟೋ ಕಡೆ ಓಡಿಸುವವರ ಹೆಸರಲ್ಲಿರುವ ಕ್ರೆಡಿಟ್ ಕಾರ್ಡೇ ಬೇಕು ಎನ್ನುತ್ತಾರೆ.

ನೋಟು ಎಷ್ಟು, ಯಾವುದು

ಆರ್‌ಬಿಐ ನಿಯಮದ ಪ್ರಕಾರ ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ಮಾತ್ರ ನೋಟಿನ ರೂಪದಲ್ಲಿ ಕೊಳ್ಳಬಹುದು. ಉಳಿದದ್ದು ಕಾರ್ಡಿನಲ್ಲಿ. ₹50,000ಕ್ಕಿಂತ ಹೆಚ್ಚು ಮೊತ್ತದ ವಿದೇಶಿ ಹಣಕ್ಕೆ ಕ್ಯಾಶ್ ಕೊಡುವಂತಿಲ್ಲ, ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ಕಟ್ಟಬೇಕು. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಜೊತೆಗಿರಲಿ. ರಸೀದಿ ತಪ್ಪದೆ ತೆಗೆದುಕೊಳ್ಳಿ.

3,000 ಡಾಲರ್ ಒಯ್ಯಬಹುದು ಅಂದ ಮಾತ್ರಕ್ಕೆ ಒಯ್ಯಬೇಕಾಗಿಲ್ಲ. ಸ್ವೀಡನ್‌ನಲ್ಲಿ ನೋಟು ತೆಗೆದುಕೊಳ್ಳದ ಅಂಗಡಿಗಳು ಬೇಕಾದಷ್ಟಿವೆ. ಲಂಡನ್ ಬಸ್ಸುಗಳು 2014ರಿಂದಲೇ ಕ್ಯಾಶ್ ಮುಟ್ಟುವುದಿಲ್ಲ. ಜಪಾನ್‌ನಲ್ಲಿ, ಜರ್ಮನಿಯ ಸಣ್ಣ ಊರುಗಳಲ್ಲಿ ಇನ್ನೂ ನೋಟು ಬೇಕು. ಬ್ಯಾಂಕಾಕ್‌ನ ರಸ್ತೆ ಬದಿಯ ಊಟಕ್ಕೆ, ಬಾಲಿಯ ಹಳ್ಳಿ ಅಂಗಡಿಗೆ ನೋಟೇ ಗತಿ. ರಷ್ಯಾದಲ್ಲಂತೂ 2022ರ ಮಾರ್ಚ್‌ನಿಂದ ಹೊರಗಿನ ವೀಸಾ, ಮಾಸ್ಟರ್‌ಕಾರ್ಡ್‌ಗಳು ನಡೆಯುವುದಿಲ್ಲ. ಅಲ್ಲಿಗೆ ಹೋಗುವವರು ನೋಟನ್ನೇ ನೆಚ್ಚಬೇಕು. ಹಾಗಾಗಿಯೇ 3,000 ಡಾಲರ್ ಮಿತಿ ರಷ್ಯಾ ಪ್ರಯಾಣಿಕರಿಗೆ ಅನ್ವಯಿಸದಿರುವುದು ಅನುಕೂಲ.

ಆಗ್ನೇಯ ಏಷ್ಯಾಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಕರೆನ್ಸಿಯನ್ನು ಇಲ್ಲಿ ಕೊಳ್ಳುವುದಕ್ಕಿಂತ ಇಲ್ಲಿ ಡಾಲರ್ ಕೊಂಡು ಅಲ್ಲಿ ಬದಲಿಸಿಕೊಳ್ಳುವುದೇ ಸಾಮಾನ್ಯವಾಗಿ ಲಾಭ. ಬ್ಯಾಂಕಾಕ್ ನಗರದೊಳಗಿನ ಎಕ್ಸ್‌ಚೇಂಜ್‌ಗಳಲ್ಲಿ ಅಂತರ ತೀರಾ ಕಡಿಮೆ. ಅಲ್ಲಿ 100 ಡಾಲರ್ ನೋಟಿಗೆ ಒಂದು ರೇಟ್, 10, 20ರ ನೋಟಿಗೆ ಅದಕ್ಕಿಂತ ಕಡಿಮೆ ರೇಟ್. ಹಾಗಾಗಿ ದೊಡ್ಡ ನೋಟೇ ಕೇಳಿ ತೆಗೆದುಕೊಳ್ಳಿ. ಅದೂ ಗರಿಗರಿಯಾಗಿರಬೇಕು. ಇಂಡೊನೇಷ್ಯಾದ ಕೌಂಟರ್‌ಗಳಲ್ಲಿ ನೋಟನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಅಂಚು ಸವರಿ ನೋಡುತ್ತಾರೆ. ಪೆನ್ನಿನ ಗೀಟು, ಸ್ಟೇಪ್ಲರ್ ತೂತು, ನಡುವೆ ಗಟ್ಟಿ ಮಡಿಕೆ ಇದ್ದರೆ ವಾಪಸ್ ಕೊಡುತ್ತಾರೆ, ಇಲ್ಲವೇ ರೇಟ್ ಇಳಿಸುತ್ತಾರೆ. ಬೆಂಗಳೂರಿನ ಕೌಂಟರ್‌ನಲ್ಲೇ ಒಂದೊಂದಾಗಿ ನೋಡಿ, ಹಾಳಾದದ್ದನ್ನು ಬದಲಿಸಿಕೊಳ್ಳಿ. ಮಡಿಸದೆ ಪುಸ್ತಕದೊಳಗೆ ಇಟ್ಟುಕೊಂಡು ಹೋಗಿ.

ವಿಯೆಟ್ನಾಂನಲ್ಲಿ ಸೊನ್ನೆಗಳ ಕಾಟ. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಎರಡೂ ನುಣುಪಾದ ಪಾಲಿಮರ್. ರಾತ್ರಿ ಟ್ಯಾಕ್ಸಿ ಇಳಿಯುವಾಗ ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಕೊಟ್ಟಂತಾಯಿತು. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡಿ.

ಎಟಿಎಂ ವಿಷಯದಲ್ಲಿ ಗೊತ್ತಿರಬೇಕಾದದ್ದು ಸ್ಥಿರ ಶುಲ್ಕ. ಥಾಯ್ಲೆಂಡ್‌ನ ಎಟಿಎಂಗಳು ಹೊರಗಿನ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಕತ್ತರಿಸುತ್ತವೆ. ನಮ್ಮ ಬ್ಯಾಂಕಿನದು ಬೇರೆ. 2,000 ಬಾತ್ ತೆಗೆದರೆ ಅದೊಂದೇ 11% ಆಯಿತು. 20,000 ತೆಗೆದರೆ 1.1%. ಸ್ವಲ್ಪ ಸ್ವಲ್ಪ ತೆಗೆಯುವ ನಮ್ಮ ಅಭ್ಯಾಸ ಅಲ್ಲಿ ದುಬಾರಿ. ಜಪಾನ್‌ನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳೊಳಗಿನ ಎಟಿಎಂಗಳು ಹೊರಗಿನ ಕಾರ್ಡನ್ನು ಚೆನ್ನಾಗಿ ತೆಗೆದುಕೊಳ್ಳುತ್ತವೆ. ಎಲ್ಲೇ ಆಗಲಿ ಬ್ಯಾಂಕಿನ ಒಳಗಿರುವ ಎಟಿಎಂ ಹುಡುಕಿ. ಪ್ರವಾಸಿಗರ ಬೀದಿಯಲ್ಲಿ ಯಾವ ಬ್ಯಾಂಕಿನ ಹೆಸರೂ ಇಲ್ಲದೆ ನಿಂತಿರುವ ಯಂತ್ರದ ಹತ್ತಿರ ಹೋಗದಿರುವುದೇ ವಾಸಿ.

ಯುಪಿಐ ನಡೆಯುತ್ತದಾ?

ಕೆಲವು ದೇಶಗಳಲ್ಲಿ ನಡೆಯುತ್ತದೆ. 2021ರ ಜುಲೈನಲ್ಲಿ ಭೂತಾನ್‌ನಿಂದ ಶುರುವಾಯಿತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಟವರ್ ಟಿಕೆಟ್‌ಗೆ ಬಂತು, ಅದೇ ತಿಂಗಳು ಶ್ರೀಲಂಕಾ ಮತ್ತು ಮಾರಿಷಸ್‌ಗೆ. ನೇಪಾಳದಲ್ಲಿ ಫೋನ್‌ಪೇಗೆ ಹೆಸರು ಹತ್ತಿರವಿರುವ ಫೋನೆಪೇ ಎಂಬ ಅಲ್ಲಿನದೇ ಜಾಲದ ಕ್ಯೂಆರ್‌ಗಳಲ್ಲಿ ನಡೆಯುತ್ತದೆ. ಯುಎಇ, ಸಿಂಗಾಪುರದಲ್ಲಿ ಆಯ್ದ ಅಂಗಡಿಗಳಲ್ಲಿದೆ.

ಆದರೆ "ಸಿಂಗಾಪುರದಲ್ಲಿ ಯುಪಿಐ ಇದೆ" ಎಂದು ಸುದ್ದಿ ಓದಿ ಬರಿಗೈಯಲ್ಲಿ ಹೋಗಬೇಡಿ. ಪ್ರತಿ ದೇಶಕ್ಕೂ ತನ್ನದೇ ಕ್ಯೂಆರ್ ವ್ಯವಸ್ಥೆ ಇದೆ. ಥಾಯ್ಲೆಂಡ್‌ಗೆ ಪ್ರಾಂಪ್ಟ್‌ಪೇ, ಸಿಂಗಾಪುರಕ್ಕೆ ಪೇನೌ. ನೋಡಲು ಎಲ್ಲ ಕ್ಯೂಆರ್ ಒಂದೇ ಥರ. ಗೋಡೆಯ ಮೇಲೆ ಕ್ಯೂಆರ್ ಅಂಟಿಸಿದ್ದಾರೆ ಅಂದರೆ ನಮ್ಮ ಆ್ಯಪ್ ಅದನ್ನು ಓದುತ್ತದೆ ಎಂದಲ್ಲ. 2023ರ ಫೆಬ್ರವರಿಯಲ್ಲಿ ಯುಪಿಐ ಮತ್ತು ಪೇನೌ ಜೋಡಣೆಯಾದದ್ದು ಒಬ್ಬರಿಂದ ಒಬ್ಬರಿಗೆ ಹಣ ಕಳಿಸಲು. ಅಂಗಡಿ ಬಿಲ್ಲಿನ ಮಾತು ಬೇರೆ.

ಬಳಸುವ ಮುಂಚೆ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಯುಪಿಐಯನ್ನು ಪ್ರತ್ಯೇಕವಾಗಿ ಆನ್ ಮಾಡಬೇಕು. ಪಿನ್ ಹಾಕುವ ಮುಂಚೆ ರೂಪಾಯಿ ಮೊತ್ತ ತೋರಿಸುತ್ತದೆ. ಅದನ್ನು ಅಲ್ಲಿನ ಮೊತ್ತದಿಂದ ಭಾಗಿಸಿ ನೋಡಿ. ಮೊದಲೇ ಹೇಳಿದ ಅದೇ ಲೆಕ್ಕ. ರುಪೇ ಕಾರ್ಡೂ ಎಲ್ಲ ಕಡೆ ನಡೆಯುವುದಿಲ್ಲ. ಊರಲ್ಲಿ ನಡೆಯುವ ಸಾಮಾನ್ಯ ರುಪೇ ಡೆಬಿಟ್ ಕಾರ್ಡ್ ಹೆಚ್ಚಿನ ದೇಶಗಳಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ರುಪೇ ಕಾರ್ಡ್ ಆದರೆ ಡಿಸ್ಕವರ್, ಡೈನರ್ಸ್ ಜಾಲಗಳಿರುವ ಕಡೆ ನಡೆಯುತ್ತದೆ.

ಚೀನಾಕ್ಕೆ ಹೋಗುವವರು ಹೊರಡುವ ಮುಂಚೆಯೇ ಅಲಿಪೇ ಅಥವಾ ವೀಚಾಟ್ ಆ್ಯಪ್ ಹಾಕಿ ಅದಕ್ಕೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಿ. ತರಕಾರಿ ಗಾಡಿಯವರೂ ಅದರಲ್ಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಹೊರಗಿನ ಕಾರ್ಡ್ ಜೋಡಿಸಿದವರಿಗೆ 200 ಯುವಾನ್ ಮೀರಿದ ಒಂದೊಂದು ಪಾವತಿಗೂ 3% ಶುಲ್ಕವಿದೆ.

ತೆರಿಗೆಯ ಗಾಬರಿ

ಟಿಸಿಎಸ್, ಅಂದರೆ ವಿದೇಶದ ಖರ್ಚಿಗೆ ಹಣ ಕೊಡುವಾಗಲೇ ಮುಂಗಡವಾಗಿ ಕಡಿತವಾಗುವ ತೆರಿಗೆ, ಇದರ ಬಗ್ಗೆ ಜನರಲ್ಲಿ ಭಯ ಜಾಸ್ತಿ. ಸಾಮಾನ್ಯ ಪ್ರವಾಸಿಗರಿಗೆ ಇದು ಅಷ್ಟು ತಟ್ಟುವುದಿಲ್ಲ. ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದಾದ ಎಲ್‌ಆರ್‌ಎಸ್ ಯೋಜನೆಯಡಿ ನೋಟು, ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಖರ್ಚು ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ ಇದೆಲ್ಲ ಸೇರಿ ₹10 ಲಕ್ಷ ದಾಟಿದರೆ ಮಾತ್ರ, ದಾಟಿದ ಭಾಗಕ್ಕೆ ಟಿಸಿಎಸ್. ಹೊರಗಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚನ್ನು ಇದರೊಳಗೆ ತರುವುದಾಗಿ 2023ರ ಮೇನಲ್ಲಿ ಸರ್ಕಾರ ಹೇಳಿತ್ತು. ಜೂನ್ ಕೊನೆಯಲ್ಲಿ ಅದನ್ನು ಮುಂದೂಡಿತು. ಟೂರ್ ಪ್ಯಾಕೇಜ್ ಕೊಳ್ಳುವವರಿಗೆ ನಿಯಮ ಬೇರೆ, ಅಲ್ಲಿ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇದೆ. ಕಡಿತವಾದರೂ ಆ ಹಣ ಹೋಯಿತು ಎಂದಲ್ಲ. ರಿಟರ್ನ್ಸ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ.

ಹೊರಡುವ ಮುಂಚೆ, ಅಲ್ಲಿರುವಾಗ

2020ರ ಆರ್‌ಬಿಐ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಆಫ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂಗಡಿ, ಎಟಿಎಂ, ಆನ್‌ಲೈನ್, ಟ್ಯಾಪ್ ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ಚು, ಬೇರೆ ಬೇರೆ ಮಿತಿ. ಮನೆಯಲ್ಲಿ ಕೂತೇ ಆನ್ ಮಾಡಿ. ಇಂಡಿಯಾ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ. ಅಲ್ಲಿ ಬೇರೆ ಸಿಮ್ ಬಳಸಿದರೂ ಒಟಿಪಿ ಬರುವುದು ಹಳೆಯ ನಂಬರಿಗೇ. ಕ್ರೆಡಿಟ್ ಕಾರ್ಡಿನ ಪಿನ್ ನೆನಪಿದೆಯಾ ನೋಡಿ. ಯುರೋಪಿನ ರೈಲ್ವೆ ಟಿಕೆಟ್ ಯಂತ್ರಗಳು ಪಿನ್ ಕೇಳುತ್ತವೆ, ಅಲ್ಲಿ ಸಹಾಯಕ್ಕೆ ಯಾರೂ ಇರುವುದಿಲ್ಲ.

ಕಾರ್ಡ್ ಎರಡಿರಲಿ. ಬೇರೆ ಬೇರೆ ಬ್ಯಾಂಕಿನವು, ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಎರಡನ್ನೂ ಒಂದೇ ಪರ್ಸಿನಲ್ಲಿಡಬೇಡಿ. ಗಂಡನ ಹತ್ತಿರ ಒಂದು, ಹೆಂಡತಿಯ ಹತ್ತಿರ ಒಂದು ಇದ್ದರೆ ಪರ್ಸು ಕಳೆದರೂ ರಾತ್ರಿ ಊಟಕ್ಕೆ ತೊಂದರೆಯಿಲ್ಲ. ಬ್ಯಾಂಕಿನ ಸಹಾಯವಾಣಿ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನೇ ಕಳೆದುಹೋದರೆ ಅದರೊಳಗಿನ ನಂಬರಿನಿಂದ ಏನು ಪ್ರಯೋಜನ?

ಲಂಡನ್ ಮೆಟ್ರೊದಲ್ಲಿ ಒಳಗೆ ಹೋಗುವಾಗ ಯಾವುದನ್ನು ಟ್ಯಾಪ್ ಮಾಡಿದ್ದೀರೋ ಹೊರಗೆ ಬರುವಾಗಲೂ ಅದನ್ನೇ ಮಾಡಿ. ಹೋಗುವಾಗ ಕಾರ್ಡ್, ಬರುವಾಗ ಅದೇ ಕಾರ್ಡ್ ಇರುವ ಫೋನ್ ತೋರಿಸಿದರೆ ಅದನ್ನು ಇಬ್ಬರು ಪ್ರಯಾಣಿಕರು ಎಂದೇ ಲೆಕ್ಕ ಹಾಕುತ್ತದೆ. ಎರಡಕ್ಕೂ ಗರಿಷ್ಠ ದರ ಬೀಳುತ್ತದೆ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕತ್ತರಿಸುವುದಿಲ್ಲ ಎಂಬ ಮಿತಿಯ ಲಾಭವೂ ಸಿಗುವುದಿಲ್ಲ. ಸಿಂಗಾಪುರದ ಮೆಟ್ರೊ ಎಂಆರ್‌ಟಿಯಲ್ಲೂ ಕಾರ್ಡ್ ಟ್ಯಾಪ್ ಮಾಡಿ ಹೋಗಬಹುದು. ನಾಲ್ಕೈದು ದಿನ ಇರುವವರು ಅಲ್ಲಿನದೇ ಟ್ರಾವೆಲ್ ಕಾರ್ಡ್ ಕೊಂಡರೆ ಎಷ್ಟಾಗುತ್ತದೆ ಎಂದೂ ನೋಡಿ. ಹೊರಗಿನ ಬ್ಯಾಂಕ್ ಕಾರ್ಡಿಗೆ ದಿನದ ಲೆಕ್ಕದಲ್ಲಿ ಚಿಕ್ಕ ಶುಲ್ಕವಿದೆ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಎರಡು ಸಂಗತಿ ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಹೋಟೆಲಿನಲ್ಲಿ ಊಟದ ನಂತರ ಕಾರ್ಡ್ ತೆಗೆದುಕೊಂಡು ಹೋಗಿ 40 ಡಾಲರ್ ಎಂದು ಉಜ್ಜುತ್ತಾರೆ, ಮೊಬೈಲಿಗೆ ಅಷ್ಟಕ್ಕೇ ಮೆಸೇಜ್ ಬರುತ್ತದೆ. ಆಮೇಲೆ ನೀವು ಚೀಟಿಯಲ್ಲಿ ಟಿಪ್ಸ್ 8 ಡಾಲರ್ ಎಂದು ಬರೆದು ಸಹಿ ಹಾಕುತ್ತೀರಿ. ಸ್ಟೇಟ್‌ಮೆಂಟಿನಲ್ಲಿ 48 ಬರುತ್ತದೆ. ಅದು ಮೋಸವಲ್ಲ. ಇನ್ನೊಂದು, ಪೆಟ್ರೋಲ್ ಬಂಕಿನ ಯಂತ್ರ ಐದಂಕಿಯ ಜಿಪ್ ಕೋಡ್, ಅಂದರೆ ಅಲ್ಲಿನ ಪಿನ್‌ಕೋಡ್ ಕೇಳುತ್ತದೆ. ನಮ್ಮ ಕಾರ್ಡಿಗೆ ಅಂಥದ್ದು ಇಲ್ಲ. ಒಳಗೆ ಹೋಗಿ ಕೌಂಟರ್‌ನಲ್ಲಿ ಇಷ್ಟು ಡಾಲರ್‌ಗೆ ಹಾಕಿ ಎಂದು ಕಾರ್ಡ್ ಕೊಟ್ಟರೆ ಆಯಿತು.

ಇದನ್ನೆಲ್ಲ ಒಟ್ಟಿಗಿಟ್ಟು ನನ್ನನ್ನು ಕೇಳಿದರೆ, ಹೆಚ್ಚಿನವರಿಗೆ ನಾನು ಹೇಳುವುದು ಹೀಗೆ. ಅಂಗಡಿ, ಹೋಟೆಲ್, ರೈಲಿಗೆ ಜೀರೋ ಅಥವಾ ಕಡಿಮೆ ಮಾರ್ಕಪ್‌ನ ಕ್ರೆಡಿಟ್ ಕಾರ್ಡ್. ಇಳಿದ ಮೊದಲ ಎರಡು ದಿನಕ್ಕೆ ಸಾಕಾಗುವಷ್ಟು ನೋಟು. ನೋಟು ಜಾಸ್ತಿ ಬೇಕಾಗುವ ದೇಶವಾದರೆ ಮಾತ್ರ ಇನ್ನಷ್ಟು ಡಾಲರ್. ಕಷ್ಟಕಾಲಕ್ಕೆ ಬೇರೆ ಬ್ಯಾಗಿನಲ್ಲಿ ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್.

ವಾಪಸ್ ಬಂದ ಮೇಲೆ

ಉಳಿದ ನೋಟುಗಳಲ್ಲಿ 2,000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ಕೊಡಬೇಕು. ಚಿಲ್ಲರೆ ನಾಣ್ಯ ಇಲ್ಲಿ ಯಾರೂ ಕೊಳ್ಳುವುದಿಲ್ಲ, ಅಲ್ಲಿನ ಏರ್‌ಪೋರ್ಟ್‌ನಲ್ಲೇ ನೀರಿಗೋ ಚಾಕೊಲೇಟಿಗೋ ಖರ್ಚು ಮಾಡಿ ಬನ್ನಿ. ಫಾರೆಕ್ಸ್ ಕಾರ್ಡಿನಲ್ಲಿ ನಲವತ್ತು ಐವತ್ತು ಡಾಲರ್ ಉಳಿಸಿ ಮರೆತುಬಿಡಬೇಡಿ. ತುಂಬ ದಿನ ಬಳಸದಿದ್ದರೆ ಕೆಲವು ಬ್ಯಾಂಕುಗಳು ಅದರಿಂದಲೇ ಶುಲ್ಕ ಕತ್ತರಿಸುತ್ತವೆ.

ಬಂದ ತಿಂಗಳ ಸ್ಟೇಟ್‌ಮೆಂಟನ್ನು ರಸೀದಿಗಳ ಜೊತೆ ಇಟ್ಟುಕೊಂಡು ಓದಿ. ಡಿಪಾಸಿಟ್ ವಾಪಸ್ ಬಂದಿದೆಯಾ, ಯಾವುದಾದರೂ ಬಿಲ್ಲು ಎರಡು ಸಲ ಬಿದ್ದಿದೆಯಾ ನೋಡಿ. ರೀಫಂಡ್ ಆದದ್ದರಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಇದ್ದರೆ ಅದು ಎರಡು ದಿನದ ರೇಟುಗಳ ವ್ಯತ್ಯಾಸ. ಆದರೆ ನೀವು ಮಾಡದ ವ್ಯವಹಾರ ಕಂಡರೆ ಅವತ್ತೇ ಕಾರ್ಡ್ ಬ್ಲಾಕ್ ಮಾಡಿ ದೂರು ಕೊಡಿ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ಮೋಸವನ್ನು, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ ಎಂದು ಆರ್‌ಬಿಐನ 2017ರ ಸುತ್ತೋಲೆ ಹೇಳುತ್ತದೆ. ದೂರಿನ ನಂಬರ್ ಮತ್ತು ತಾರೀಖು ಬರೆದಿಟ್ಟುಕೊಳ್ಳಿ.